ಬಟ್ಟಲಲ್ಲಿ ನಿಲ್ಲದ ಹಸಿರು

ಹಳೆ ಲಾಂಡ್ರಿ ಕಟ್ಟಡ
ಮಾರ್ಚ್ ೯

ಪ್ರೀತಿಯ ತಮ್ಮಾ,

ನಿನ್ನ ಎರಡು ಕಾಗದಗಳಿಗೂ ಸೇರಿಸಿ ಒಂದೇ ಉತ್ತರ ಬರೆಯುತ್ತಿದ್ದೇನೆ. ಬೈಯಬೇಡ. ಬೈಯಲೇಬೇಕಿದ್ದರೆ ಪೂರ್ತಿ ಓದಿ ಆಮೇಲೆ ಬೈ. ನಿನ್ನ ಹೆಂಡತಿಯ ಮೊಣಕಾಲು ನೋವು ಹೇಗಿದೆ? ಅಂಗಡಿಯ ಹೊಸ ಸಾಣೆ ನೆಟ್ಟಗೆ ತಿರುಗುತ್ತಿದೆಯೆ, ಇಲ್ಲ ಹಳೆಯದರ ಹಾಗೆ ಗಾಜು ತೇಯುವುದಕ್ಕಿಂತ ಹೆಚ್ಚಾಗಿ ಗಾಜು ಒಡೆಯುತ್ತಿದೆಯೆ? ಇಲ್ಲಿ ಅತ್ತೆ ಆರೋಗ್ಯವಾಗಿದ್ದಾರೆ. ಕಿವಿ ಮಾತ್ರ ತನಗೆ ಬೇಕಾದದ್ದನ್ನು ಕೇಳುತ್ತದೆ, ಬೇಡವಾದದ್ದನ್ನು ಬಿಡುತ್ತದೆ.

ತಡವಾದದ್ದಕ್ಕೆ ಕಾರಣ ಇದು: ಗೆರೆ ಸಿಕ್ಕಿದೆ.

ನಿನ್ನ ಭಾವ ಆ ಕಪ್ಪು ಅದಿರಿನ ಹಿಂದೆ ಬಿದ್ದು ಎಷ್ಟು ಕಾಲವಾಯಿತೆಂದು ನಿನಗೆ ಗೊತ್ತು. ಅದರೊಳಗೆ ಯಾರಿಗೂ ತಿಳಿಯದ ಮೂಲವಸ್ತು ಒಂದಿದೆ ಎಂದು ಅವರು ಹೇಳುತ್ತಲೇ ಇದ್ದರು, ಬೇರೆಯವರು ನಗುತ್ತಲೇ ಇದ್ದರು. ಜ್ವಾಲೆಗೆ ಹಿಡಿದು ಪ್ರಿಸಮ್ಮಿನಲ್ಲಿ ನೋಡಿದಾಗ ಪ್ರತಿ ಮೂಲವಸ್ತುವೂ ತನ್ನದೇ ಬಣ್ಣದ ಗೆರೆ ತೋರಿಸಬೇಕಲ್ಲ, ಒಂದರ ಗೆರೆ ಇನ್ನೊಂದಕ್ಕೆ ಇರುವುದಿಲ್ಲವಲ್ಲ. ಹಾಗೆ ಇದಕ್ಕೂ ಒಂದು ಗೆರೆ ಇರಲೇಬೇಕು ಎಂಬುದು ಅವರ ಹಟ. ನೀನು ತೇದುಕೊಟ್ಟ ಪ್ರಿಸಮ್ಮಿನಲ್ಲಿ ಮೊನ್ನೆ ಅದು ಕಂಡಿತು. ಹಸಿರು. ಈವರೆಗೆ ಅಚ್ಚಾದ ಯಾವ ಪಟ್ಟಿಯಲ್ಲೂ ಆ ಜಾಗದಲ್ಲಿ ಗೆರೆ ಇಲ್ಲ.

ನಮ್ಮ ಕೆಲಸದ ರೀತಿಯನ್ನು ನೀನು ಕೇಳಿದ್ದೆ. ಸುಲಭವಾಗಿ ಹೇಳುತ್ತೇನೆ: ಅವರದು ಜಾಡಿ, ನನ್ನದು ಬಟ್ಟಲು. ಅವರು ಅದಿರನ್ನು ಕುಟ್ಟಿ, ದೊಡ್ಡ ಪಿಂಗಾಣಿ ಜಾಡಿಗಳಲ್ಲಿ ಆಮ್ಲ ಹಾಕಿ ಕುದಿಸಿ, ಸೋಸಿ, ಉಳಿದದ್ದನ್ನು ನನಗೆ ಕೊಡುತ್ತಾರೆ. ನಾನು ಅದನ್ನು ನೀರಿನಲ್ಲಿ ಕರಗಿಸಿ ಬಟ್ಟಲುಗಳ ಸಾಲಿನಲ್ಲಿ ಕಾಯಿಸಿ ತಣಿಸುತ್ತೇನೆ. ತಣಿದಾಗ ತಳದಲ್ಲಿ ಹರಳು ಕೂರುತ್ತದೆ. ಹರಳನ್ನು ಎಡಗಡೆಯ ಬಟ್ಟಲಿಗೆ ಸೇರಿಸಬೇಕು, ಮೇಲಿನ ನೀರನ್ನು ಬಲಗಡೆಯದಕ್ಕೆ ಬಗ್ಗಿಸಬೇಕು. ಮತ್ತೆ ಕಾಯಿಸು, ಮತ್ತೆ ತಣಿಸು. ಹೀಗೆ ಮಾಡುತ್ತಾ ಹೋದರೆ ನಮಗೆ ಬೇಕಾದದ್ದು ಎಡತುದಿಗೆ ಬಂದು ನಿಲ್ಲುತ್ತದೆ, ಬೇಡದ್ದು ಬಲತುದಿಯಿಂದ ಮೋರಿಗೆ ಹೋಗುತ್ತದೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿ, "ಮನೇಲಿ ನಾಲ್ಕು ಪಾತ್ರೆ ತೊಳೆಯೋಕೆ ಮುಖ ಸಿಂಡರಿಸ್ತಾಳೆ, ಇಲ್ಲಿ ಬೆಳಗಿಂದ ಅದನ್ನೇ ಮಾಡ್ತಾಳೆ" ಎಂದರು.

ಮೊನ್ನೆ ಕಪ್ಪು ಪರದೆಯ ಹಿಂದೆ ನಿನ್ನ ಭಾವ ಮೊದಲು ನೋಡಿದರು. ನನ್ನನ್ನು ಎಳೆದು ಕೂರಿಸಿದರು. "ನೋಡು. ಉಸಿರು ಬಿಡಬೇಡ, ಜ್ವಾಲೆ ಅಲ್ಲಾಡುತ್ತೆ" ಎಂದರು. ನಾನು ನೋಡಿದೆ. ಆಮೇಲೆ ಅವರು ಹೊರಗೆ ಓಡಿಹೋಗಿ ಅತ್ತೆಯನ್ನು ಎತ್ತಿಕೊಂಡು ಅಂಗಳದಲ್ಲಿ ಒಂದು ಸುತ್ತು ತಿರುಗಿಸಿದರು. "ಇಳಿಸೋ ಹಾಳಾದವನೇ, ನನ್ನ ಸೊಂಟ ಏನು ನಿನ್ನ ಪ್ರಯೋಗಕ್ಕೆ ಸಿಕ್ಕಿದ್ದಾ?" ಎಂದು ಅತ್ತೆ ಕಿರುಚಿದ್ದು ಬೀದಿಗೆಲ್ಲ ಕೇಳಿತು. ನಿನ್ನ ಭಾವ ಹಾಗೆ ನಕ್ಕದ್ದನ್ನು ನೋಡಿ ಎಷ್ಟೋ ಕಾಲವಾಗಿತ್ತು, ತಮ್ಮಾ.

ಈಗ ನಿನಗೊಂದು ಕೆಲಸ. ಸಿಕ್ಕಿದ ಬಿಳಿ ಪುಡಿಯನ್ನು ಎರಡು ಪಾಲು ಮಾಡಿದ್ದಾರೆ. ನಾವು ಕೆಲಸ ಮಾಡುವ ಈ ಲಾಂಡ್ರಿ ಕಟ್ಟಡದ ಛಾವಣಿ ಹಳೆ ಮರದ್ದು, ಕೆಳಗೆ ಒಲೆಗಳು ಉರಿಯುತ್ತಲೇ ಇರುತ್ತವೆ; ಎಲ್ಲವೂ ಒಂದೇ ಕಡೆ ಇರುವುದು ಬೇಡ ಎಂದು. ಒಂದು ಪಾಲು ಸೀಸೆಯಲ್ಲಿ ಹಾಕಿ, ಬಾಯಿಗೆ ಅರಗು ಸುರಿದು, ಬಿಸಿ ಇರುವಾಗಲೇ ತಮ್ಮ ಹೆಬ್ಬೆಟ್ಟು ಒತ್ತಿ ಕಳಿಸಿದ್ದಾರೆ. ಅದನ್ನು ತೆರೆಯಬೇಡ, ಬೀರುವಿನಲ್ಲಿಡು. ಜೊತೆಗೆ ಕಾಗದದ ಪೊಟ್ಟಣದಲ್ಲಿ ಒಂದು ಚಿಟಿಕೆ ಇದೆ, ಅದು ನೀನು ನೋಡುವುದಕ್ಕೆ. ನೋಡಿದಷ್ಟೂ ಉರಿದುಹೋಗುತ್ತದೆ, ಆದ್ದರಿಂದ ಕಣ್ಣು ಚೆನ್ನಾಗಿ ಒರೆಸಿಕೊಂಡು ಕೂರು. "ನಿನ್ನ ಗಾಜಿನ ಸಾಹುಕಾರ ತಮ್ಮ ಏನು ಹೇಳ್ತಾನೋ ಕೇಳೋಣ" ಎಂದು ನಿನ್ನ ಭಾವ ಕಾಯುತ್ತಿದ್ದಾರೆ. ಈ ತಿಂಗಳ ಕೊನೆಗೆ ಅವರೂ ಒಂದು ಚಿಟಿಕೆ ತೆಗೆದುಕೊಂಡು, ಹೊಸ ಮೂಲವಸ್ತುಗಳನ್ನು ಪಟ್ಟಿಗೆ ಸೇರಿಸುವ ವಿಜ್ಞಾನ ಪರಿಷತ್ತಿಗೆ ಹೋಗುತ್ತಾರೆ.

ನಿಮ್ಮಿಬ್ಬರಿಗೂ ಒಳ್ಳೆಯದಾಗಲಿ.

ನಿನ್ನ ಅಕ್ಕ


ಆಗಸ್ಟ್ ೨

ಪ್ರೀತಿಯ ತಮ್ಮಾ,

ನಿನ್ನ ಉತ್ತರವನ್ನು ನಿನ್ನ ಭಾವ ಎಷ್ಟೋ ದಿನ ಜೇಬಿನಲ್ಲೇ ಇಟ್ಟುಕೊಂಡು ತಿರುಗಿದರು, ಅದಕ್ಕೆ ನನಗೆ ಉತ್ತರ ಬರೆಯಲು ನಿನ್ನ ಕಾಗದವೇ ಕೈಗೆ ಸಿಗಲಿಲ್ಲ ಎಂದು ನೆಪ ಹೇಳಬಹುದಿತ್ತು. ನಿಜ ಹಾಗಲ್ಲ. ಬರೆಯಲು ಕೂತಾಗಲೆಲ್ಲ ಒಳ್ಳೆಯ ಸುದ್ದಿ ಬರಲಿ, ಆಮೇಲೆ ಬರೆಯೋಣ ಎಂದು ಎದ್ದುಹೋಗುತ್ತಿದ್ದೆ. "ಅಕ್ಕಾ, ಎಳೆ ಹುಲ್ಲಿನ ಹಸಿರು, ಕೂದಲಿನಷ್ಟು ತೆಳ್ಳಗೆ, ಕಣ್ಣಿಗೆ ಚುಚ್ಚುವಷ್ಟು ಚುರುಕು" ಎಂದು ನೀನು ಬರೆದಿದ್ದೆಯಲ್ಲ, ಆ ಮಾತನ್ನು ಅವರು ಅತ್ತೆಗೆ ಓದಿ ಹೇಳಿದರು. "ಗೆರೆ ನೋಡಿ ಇಷ್ಟು ವರ್ಣಿಸ್ತಾನೆ, ಹೆಂಡತೀನ ಎಷ್ಟು ವರ್ಣಿಸ್ತಾನೋ" ಎಂದರು ಅತ್ತೆ.

ಪರಿಷತ್ತಿನಲ್ಲಿಯೂ ಗೆರೆ ಚೆನ್ನಾಗಿ ಕಂಡಿತು. ಅಲ್ಲಿ ಇದನ್ನೆಲ್ಲ ನೋಡುವ ಪರೀಕ್ಷಕರು ಒಬ್ಬರಿದ್ದಾರೆ, ಹಿರಿಯರು, ಮಾತು ಕಡಿಮೆ. ಅವರು ಕಣ್ಣಿಟ್ಟು ನೋಡಿ, "ಸರಿ, ಇದೆ" ಎಂದರಂತೆ. ಅಷ್ಟೇ. ಆದರೆ ಗೆರೆ ಕಂಡರೆ ಸಾಲದು. ಆ ವಸ್ತುವನ್ನು ಇನ್ನಷ್ಟು ಶುದ್ಧಮಾಡಿ, ಅದರ ಪರಮಾಣುವಿನ ತೂಕ ಕಟ್ಟುವಷ್ಟು ಮಾಡಿಕೊಡಿ, ಚಳಿಗಾಲದಲ್ಲಿ ನಾನೇ ಬಂದು ನೋಡುತ್ತೇನೆ, ಆಮೇಲೆ ಪಟ್ಟಿಗೆ ಸೇರಿಸುತ್ತೇವೆ ಎಂದಿದ್ದಾರೆ. ಅಲ್ಲಿಯವರೆಗೆ ಇದು ನಿನ್ನ ಭಾವನ ಮಾತು ಮಾತ್ರ.

ಹಾಗಾಗಿ ನಮ್ಮ ಪಾಲಿನ ಪುಡಿಯನ್ನು ಮತ್ತೆ ಕರಗಿಸಿ ನಾನು ಬಟ್ಟಲಿಗೆ ಹಾಕಿದೆ. ಶುದ್ಧವಾದಷ್ಟೂ ಗೆರೆ ಇನ್ನೂ ಹೊಳೆಯಬೇಕು. ತಮ್ಮಾ, ಅದು ಮಂಕಾಗುತ್ತಿದೆ.

ಮೊದಲು ಇಬ್ಬರೂ ಜ್ವಾಲೆಯನ್ನು ಬೈದೆವು. ಆಮೇಲೆ ಪ್ರಿಸಮ್ಮನ್ನು ಬೈದೆವು, ಅಂದರೆ ನಿನ್ನನ್ನು. ಬೇರೆ ಲೋಹಗಳನ್ನು ಹಿಡಿದು ನೋಡಿದರೆ ಅವುಗಳ ಗೆರೆಗಳೆಲ್ಲ ಇದ್ದ ಹಾಗೇ ಇವೆ. ಇದೊಂದೇ ಇಳಿಯುತ್ತಿದೆ. ಪುಡಿ ಅಷ್ಟೇ ಇದೆ, ಬಿಳುಪು ಹಾಗೇ ಇದೆ, ಒಳಗಿನ ಹಸಿರು ಮಾತ್ರ ಎಲ್ಲಿಗೋ ಹೋಗುತ್ತಿದೆ.

ಹೋದದ್ದು ಎಲ್ಲಿಗೆ? ಇದಕ್ಕೆ ಉತ್ತರ ಒಂದೇ ಇರಲು ಸಾಧ್ಯ, ಅದನ್ನು ನಿನ್ನ ಭಾವ ಬಾಯಿಬಿಟ್ಟು ಹೇಳುವ ಮುಂಚೆ ನನಗೇ ಹೊಳೆದಿತ್ತು. ಹರಳು ಎಡಕ್ಕೆ, ನೀರು ಬಲಕ್ಕೆ. ನಾನು ಎಲ್ಲೋ ಒಂದು ಸಲ ಹರಳಿನ ಬದಲು ನೀರನ್ನು ಎಡಕ್ಕೆ ಬಗ್ಗಿಸಿರಬೇಕು, ಬೇಕಾದದ್ದು ಬಲತುದಿಯಿಂದ ಮೋರಿ ಸೇರಿರಬೇಕು. "ನೆನಪು ಮಾಡ್ಕೋ. ಯಾವತ್ತಾದ್ರೂ ಮನಸ್ಸು ಬೇರೆ ಕಡೆ ಇತ್ತಾ?" ಎಂದು ಅವರು ಮೆಲ್ಲಗೆ ಕೇಳಿದರು. ಮೆಲ್ಲಗೆ ಕೇಳಿದ್ದಕ್ಕೇ ನನಗೆ ಹೆದರಿಕೆಯಾಯಿತು. ನನಗೆ ಹಾಗೆ ಮಾಡಿದ ನೆನಪಿಲ್ಲ. ಆದರೆ ಮಾಡಿಲ್ಲ ಎಂದು ಆಣೆಯಿಟ್ಟು ಹೇಳಬಲ್ಲೆನೆ? ಕೈ ತಾನಾಗಿ ಮಾಡುವ ಕೆಲಸ ಅದು. ಸೊಪ್ಪು ಬಿಡಿಸುವಾಗ ಯಾವ ಎಲೆ ಯಾವ ಕಡೆ ಹಾಕಿದೆ ಎಂದು ಯಾರಿಗೆ ನೆನಪಿರುತ್ತದೆ?

ಅವರು ಮೋರಿಯ ಕಲ್ಲುಗಳನ್ನು ಎಬ್ಬಿಸಿದರು. ಮೊದಲು ಇಲ್ಲಿ ಬಟ್ಟೆ ಒಗೆಯುತ್ತಿದ್ದವರ ಸೋಪಿನ ಗಟ್ಟಿ ಉಂಡೆ, ಗುಂಡಿಗಳು, ಒಂದು ಮಗುವಿನ ಕಾಲುಚೀಲ ಸಿಕ್ಕಿತು. ಆ ಕೆಸರನ್ನೆಲ್ಲ ಒಣಗಿಸಿ, ಕುದಿಸಿ, ಜ್ವಾಲೆಗೆ ಹಿಡಿದರು. ಹಸಿರಿಲ್ಲ. ಬಟ್ಟಲು ತೊಳೆದ ನೀರನ್ನೆಲ್ಲ ಈಗ ಚೆಲ್ಲದೆ ಪೀಪಾಯಿಗಳಲ್ಲಿ ಇಡುತ್ತಿದ್ದೇವೆ; ಓಡಾಡಲು ಜಾಗವಿಲ್ಲ.

ನಿನ್ನ ಸೀಸೆಯನ್ನು ಎಲ್ಲಿಟ್ಟಿದ್ದೀಯ? ಯಾರಿಗೂ ತೋರಿಸಬೇಡ. ಇಲ್ಲಿ ನಾನು ಕಳೆದುಕೊಂಡದ್ದು ಅಲ್ಲಿ ಉಳಿದಿದೆಯಲ್ಲ ಎಂಬುದೊಂದೇ ಸದ್ಯಕ್ಕೆ ನನ್ನ ಧೈರ್ಯ.

ಸುಖವಾಗಿರಿ.

ನಿನ್ನ ಅಕ್ಕ


ನವೆಂಬರ್ ೧೭

ತಮ್ಮಾ,

ಮೊದಲು ಕ್ಷಮೆ ಕೇಳುತ್ತೇನೆ, ನನ್ನ ತಡಕ್ಕಲ್ಲ, ನಿನ್ನ ಭಾವನ ಕಾಗದಕ್ಕೆ. ಅವರು ನಿನಗೆ ಬರೆದದ್ದು ಅಂಚೆಗೆ ಹೋದ ಮೇಲೆ ನನಗೆ ಗೊತ್ತಾಯಿತು. "ಸೀಸೆ ತೆಗೆದು ನೋಡಿದೆಯಾ, ಯಾರಿಗಾದರೂ ಕೊಟ್ಟೆಯಾ" ಎಂದು ಕೇಳಿದ್ದಾರಂತೆ. ಅದಕ್ಕೆ ನೀನು ಕೋಪ ಮಾಡಿಕೊಳ್ಳದೆ "ಭಾವನವರ ಹೆಬ್ಬೆಟ್ಟು ಬೀರುವಿನಲ್ಲಿ ಕ್ಷೇಮವಾಗಿದೆ" ಎಂದು ಒಂದೇ ಸಾಲು ಬರೆದದ್ದನ್ನು ಓದಿ ನಾನು ನಕ್ಕೆ, ಆಮೇಲೆ ಅತ್ತೆ. ನಿನ್ನ ಭಾವ ನಗಲಿಲ್ಲ.

ಈಗ ಇಲ್ಲಿಯ ವಿಷಯ. ಆಗಸ್ಟ್ ಮುಗಿಯುವ ಮುಂಚೆ ಅವರು ಹೊಸದಾಗಿ ಅದಿರು ತರಿಸಿ ಮೊದಲಿನಿಂದ ಶುರುಮಾಡಿದರು. ಜಾಡಿಯಿಂದ ತೆಗೆದದ್ದನ್ನು ಜ್ವಾಲೆಗೆ ಹಿಡಿದರೆ ಹಸಿರು ಗೆರೆ ಸ್ಪಷ್ಟವಾಗಿ ಇತ್ತು. ಇಬ್ಬರಿಗೂ ಜೀವ ಬಂತು. ನಾನು ಬಟ್ಟಲುಗಳಿಗೆ ಒಂದೊಂದು ಬಣ್ಣದ ದಾರ ಕಟ್ಟಿದೆ. ಎಡಕ್ಕೆ ಬಗ್ಗಿಸುವಾಗ "ಎಡ" ಎಂದು, ಬಲಕ್ಕೆ ಬಗ್ಗಿಸುವಾಗ "ಬಲ" ಎಂದು ಗಟ್ಟಿಯಾಗಿ ಹೇಳಿಕೊಂಡು ಮಾಡಿದೆ. ಹುಚ್ಚಿಯ ಹಾಗೆ ಕಾಣುತ್ತಿದ್ದೆ, ಇರಲಿ. ಗೆರೆ ಮೊದಮೊದಲು ಹೊಳೆಯಿತು. ಆಮೇಲೆ ಮತ್ತೆ ಇಳಿಯತೊಡಗಿತು. ಅಂಗಳದಲ್ಲಿ ರಾಶಿ ಬಿದ್ದಿರುವ ಹಳೆಯ ಅದಿರಿನಿಂದ ಒಂದು ತುಂಡು ಕುಟ್ಟಿ ನೋಡಿದರೆ ಅದರಲ್ಲಿ ಇದ್ದಷ್ಟೇ ಇದೆ. ಕಲ್ಲಿನಲ್ಲಿ ಉಳಿಯುತ್ತದೆ. ಜಾಡಿಯಲ್ಲಿ ಕಾಣುತ್ತದೆ. ನನ್ನ ಹತ್ತಿರ ಬಂದ ಮೇಲೆ ಹೋಗುತ್ತದೆ.

"ನನ್ನ ಜಾಡೀಲಿ ಇರುತ್ತೆ, ನಿನ್ನ ಬಟ್ಟಲಲ್ಲಿ ಹೋಗುತ್ತೆ. ಇದರಲ್ಲಿ ಇನ್ನೇನು ತಿಳ್ಕೊಳ್ಳೋದಿದೆ?" ಎಂದರು.

"ಬೇಕಂತ ಚೆಲ್ತೀನಾ ನಾನು?"

"ಬೇಕಂತ ಅಂತ ಯಾರು ಹೇಳಿದ್ರು? ಬೇಕಂತ ಮಾಡಿದ್ರೆ ಹಿಡೀಬಹುದಿತ್ತು."

ನೀವೇ ಬಟ್ಟಲು ಹಿಡಿಯಿರಿ ಎಂದೆ. ಹಿಡಿದರು. ಆಮ್ಲ ತಿಂದು ಅವರ ಬೆರಳ ತುದಿಗಳೆಲ್ಲ ಒಡೆದುಹೋಗಿವೆ. ಬಿಸಿ ಬಟ್ಟಲು ಎತ್ತುವಾಗ ಒಂದನ್ನು ಬೀಳಿಸಿ ಒಡೆದರು. ಅದನ್ನೂ ನಾನೇ ಬಳಿದೆ. ಮತ್ತೆ ಕೆಲಸ ನನಗೇ ಬಂತು, ನಂಬಿಕೆ ಬರಲಿಲ್ಲ.

ಈಗ ನಾನು ಮನೆಗೆ ಹೊರಡುವ ಮುಂಚೆ ಬಾಗಿಲ ಬಳಿ ಒಂದು ಪಿಂಗಾಣಿ ಬೋಗುಣಿ ಇಡುತ್ತಾರೆ. ಅದರಲ್ಲಿ ಎರಡೂ ಕೈ ತೊಳೆಯಬೇಕು, ಉಗುರಿನ ಸಂದುಗಳನ್ನೂ. ಆ ನೀರನ್ನು ಅವರು ಕಾಯಿಸಿ, ಆರಿಸಿ, ತಳದಲ್ಲಿ ಉಳಿದದ್ದನ್ನು ಮಾರನೆಯ ದಿನ ಜ್ವಾಲೆಗೆ ಹಿಡಿಯುತ್ತಾರೆ. ಈವರೆಗೆ ಉಪ್ಪಿನ ಹಳದಿ ಗೆರೆ ಬಿಟ್ಟು ಬೇರೇನೂ ಕಂಡಿಲ್ಲ. ನಾನು ಕೈ ತೊಳೆಯುವಾಗ ಅವರು ಪಕ್ಕದಲ್ಲಿ ನಿಂತಿರುತ್ತಾರೆ, ಕಿಟಕಿಯ ಕಡೆ ನೋಡುತ್ತಾ. ಅತ್ತೆಗೆ ಗೊತ್ತಾಗಿ, "ಬೇಜಾರು ಮಾಡ್ಕೋಬೇಡ ಕಣೇ. ಅವನಪ್ಪನೂ ಹೀಗೇ, ತಾವು ಕಳ್ಕೊಂಡಿದ್ದನ್ನೆಲ್ಲ ನನ್ನ ಪೆಟ್ಟಿಗೇಲೇ ಹುಡುಕ್ತಿದ್ರು" ಎಂದರು. "ಸಿಗ್ತಿತ್ತಾ?" ಎಂದೆ. "ಸಿಕ್ಕಿದ್ರೆ ನಾನು ಇಲ್ಲಿರ್ತಿದ್ನಾ?" ಎಂದರು.

ಪರೀಕ್ಷಕರು ಮುಂದಿನ ತಿಂಗಳು ಬರುತ್ತಾರೆ. ಗೆರೆ ಕಾಣದಿದ್ದರೆ ನಿನ್ನ ಭಾವನ ಮಾತನ್ನು ಪರಿಷತ್ತು ಹೊಡೆದುಹಾಕುತ್ತದೆ. ಸುಳ್ಳುಗಾರ ಎಂಬ ಹೆಸರು ಹೊತ್ತು ಅವರು ಬದುಕಬೇಕು. ಅದನ್ನು ಹೊರಿಸಿದವಳು ನಾನು ಎಂದು ಅವರು ಪ್ರತಿದಿನ, ಒಂದು ಮಾತೂ ಆಡದೆ, ನನಗೆ ಹೇಳುತ್ತಾರೆ. ಆಮೇಲೆ ಈ ಮನೆಯಲ್ಲಿ ನಾನು ಏನಾಗಿ ಇರಲಿ, ತಮ್ಮಾ? ನಿನ್ನ ಹತ್ತಿರ ಬಂದುಬಿಡಲೇ ಎಂದು ಎಷ್ಟು ಸಲ ಬರೆಯಹೊರಟೆ. ಬಂದರೆ ತಪ್ಪೊಪ್ಪಿಕೊಂಡ ಹಾಗೆ.

ಒಂದೇ ದಾರಿ ಉಳಿದಿದೆ. ಪರೀಕ್ಷಕರು ನಿಮ್ಮ ಊರಿನ ಮೇಲೇ ರೈಲಿನಲ್ಲಿ ಬರುತ್ತಾರೆ. ನಾನು ಅವರಿಗೆ ಬರೆದಿದ್ದೇನೆ, ಅಂಗಡಿಗೆ ಬಂದು ಸೀಸೆಯನ್ನು ತಾವೇ ತೆಗೆದುಕೊಳ್ಳುತ್ತಾರೆ. ನಮ್ಮವರು ಯಾರೂ ಮುಟ್ಟುವುದು ಬೇಡ. ಅದರಲ್ಲಿ ಹಸಿರು ಇದ್ದೇ ಇರುತ್ತದೆ, ನಿನ್ನ ಭಾವನ ಮಾತು ಉಳಿಯುತ್ತದೆ. ಆಗ ನನ್ನ ಕೈಯಿಂದಲೇ ಹಾಳಾದದ್ದು ಎಂಬುದೂ ಗಟ್ಟಿಯಾಗುತ್ತದೆ, ಗೊತ್ತು. ಎರಡರಲ್ಲಿ ಒಂದಾದರೂ ಉಳಿಯಲಿ.

ನಿನ್ನ ಹೆಂಡತಿಗೆ ಇದನ್ನೆಲ್ಲ ಹೇಳಬೇಡ. ಚೆನ್ನಾಗಿರು.

ನಿನ್ನ ಅಕ್ಕ


ಮೇ ೫

ಪ್ರೀತಿಯ ತಮ್ಮಾ,

ಪರೀಕ್ಷಕರು ಬಂದುಹೋದ ಮೇಲೆ ನಾನು ಬರೆದದ್ದು "ಇನ್ನೂ ತೀರ್ಮಾನವಾಗಿಲ್ಲ, ಕಾಯಬೇಕು" ಎಂಬ ಒಂದು ಕಾರ್ಡು ಮಾತ್ರ. ಅದನ್ನು ಓದಿ ನೀನು ಎಷ್ಟು ಒದ್ದಾಡಿರಬಹುದು ಎಂದು ಗೊತ್ತು. ಅವತ್ತಿನ ದಿನವನ್ನು ಹೇಳಬೇಕಾದರೆ ಅದರ ಕೊನೆ ನನಗೇ ಗೊತ್ತಿರಲಿಲ್ಲ. ನಿನ್ನೆ ಗೊತ್ತಾಯಿತು. ಈಗ ಎಲ್ಲವನ್ನೂ ಬರೆಯುತ್ತೇನೆ.

ಪರೀಕ್ಷಕರಿಗೆ ಅವತ್ತು ನೆಗಡಿ. ಕೋಟು ಬಿಚ್ಚದೆಯೇ ಒಳಜೇಬಿನಿಂದ ಕರವಸ್ತ್ರ ತೆಗೆದರು, ಅದರ ಹಿಂದೆ ನಿನ್ನ ಸೀಸೆ ತೆಗೆದರು. ನಿನ್ನ ಭಾವ ತಮ್ಮ ಹೆಬ್ಬೆಟ್ಟನ್ನು ಅರಗಿನ ಪಕ್ಕ ಹಿಡಿದು ತೋರಿಸಿದರು. ಬೆರಳು ಈಗ ಒಡೆದಿದ್ದರೂ ಸುಳಿ ಅದೇ. ಅರಗಿನಲ್ಲಿ ಕೂದಲೆಳೆಯಷ್ಟೂ ಬಿರುಕಿಲ್ಲ. "ಈಗ ನೋಡಿ ನೀವು" ಎಂದರು, ಮಕ್ಕಳು ಹೇಳುವ ಹಾಗೆ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಪರೀಕ್ಷಕರೇ ಅರಗು ಒಡೆದರು, ತಂತಿಯ ತುದಿಗೆ ಪುಡಿ ಅಂಟಿಸಿದರು, ಪರದೆಯ ಹಿಂದೆ ಹೋದರು. ನಾವು ಹೊರಗೆ ನಿಂತೆವು. ಅವರು ಕೆಮ್ಮಿದ್ದು ಮಾತ್ರ ಕೇಳಿಸುತ್ತಿತ್ತು. ಆಮೇಲೆ, "ನೀವು ಬಂದು ನೋಡಿ" ಎಂದರು.

ನಿನ್ನ ಭಾವ ನೋಡಿದರು. ಜ್ವಾಲೆ ಸರಿಯಿಲ್ಲ ಎಂದರು. ಜ್ವಾಲೆ ಸರಿಮಾಡಿದರು. ತಂತಿ ಕೊಳೆಯಾಗಿದೆ ಎಂದರು, ಹೊಸ ತಂತಿ ಹಾಕಿದರು. ಕೊನೆಗೆ ಕುರ್ಚಿ ಬಿಟ್ಟು ಎದ್ದರು. ನಾನು ನೋಡಿದೆ. ಗೆರೆ ಇತ್ತು, ಇಲ್ಲವೆನ್ನುವಂತಿಲ್ಲ. ಆದರೆ ಎಳೆ ಹುಲ್ಲಿನ ಹಸಿರಲ್ಲ, ಹುಡುಕಿದರೆ ಸಿಗುವಷ್ಟು. ನಮ್ಮ ಮಾರ್ಚಿನ ಪಾಲಿನಿಂದ ಉಳಿದದ್ದನ್ನು ಪಕ್ಕದಲ್ಲಿ ಹಿಡಿದೆವು. ಅದೂ ಅಷ್ಟೇ ಮಂಕು. ಹೆಚ್ಚಿಲ್ಲ, ಕಡಿಮೆಯಿಲ್ಲ.

"ಆ ಗಾಜಿನವನೂ ಏನೋ ಮಾಡಿದಾನೆ" ಎಂದರು ನಿನ್ನ ಭಾವ.

"ಹೆಬ್ಬೆಟ್ಟು ನಿಮ್ಮದೇ ತಾನೆ?" ಎಂದರು ಪರೀಕ್ಷಕರು.

"ನನ್ನದೇ."

"ಅರಗು ಒಡೆದದ್ದು ನಾನು. ಹಾಗಾದ್ರೆ ನಾನೂ ಏನೋ ಮಾಡಿದೀನಾ?"

ಅತ್ತೆ ಚಹಾ ತಂದವರು ನಮ್ಮ ಮೂವರ ಮುಖ ನೋಡಿ, ತಟ್ಟೆ ಕೆಳಗಿಟ್ಟು, ಹಾಗೇ ಹೊರಟುಹೋದರು.

ಅವತ್ತು ನನ್ನ ಬಾಯಿಂದ ಆ ಮಾತು ಹೇಗೆ ಬಂತೋ ಗೊತ್ತಿಲ್ಲ. ಯೋಚಿಸಿ ಆಡಿದ್ದಲ್ಲ. ಎದುರಿಗಿದ್ದದ್ದನ್ನು ಹೇಳಿದೆ ಅಷ್ಟೇ. "ನಾನು ಕೈಯಾಡಿಸಿದ್ದು ಇಷ್ಟು ಇಳಿದಿದೆ. ಯಾರೂ ಮುಟ್ಟದೆ ಇದ್ದದ್ದೂ ಅಷ್ಟೇ ಇಳಿದಿದೆ. ಹಾಗಿದ್ರೆ ಇದು ಕೈಯಿಂದ ಹೋಗ್ತಿಲ್ಲ. ತಾನಾಗೇ ಹೋಗ್ತಿದೆ."

ಪರೀಕ್ಷಕರು ಕರವಸ್ತ್ರ ಮಡಿಸಿದರು. "ಮೂಲವಸ್ತು ಅಂದ್ರೆ ಹಾಲಲ್ಲಮ್ಮ, ಇಟ್ಟಲ್ಲೇ ಕೆಟ್ಟುಹೋಗೋಕೆ. ಕಾಯಿಸಿದ್ರೂ ಕರಗಿಸಿದ್ರೂ ಬದಲಾಗದೆ ಉಳಿಯೋದಕ್ಕೇ ಆ ಹೆಸರು. ಚಿನ್ನ ಮುದಿಯಾದದ್ದನ್ನ ನೋಡಿದೀರಾ?"

"ನೋಡಿಲ್ಲ. ಇದನ್ನ ನೋಡಿದೆ. ನೀವೂ ನೋಡಿದ್ರಿ."

ಅವರಿಗೆ ಸಿಟ್ಟು ಬಂತೋ ಇಲ್ಲವೋ ತಿಳಿಯಲಿಲ್ಲ. ನಾನು ಬೇಡಿಕೊಂಡೆ ಎಂದೇ ಹೇಳಬೇಕು. ನಿನ್ನ ಭಾವನ ಜಾಡಿಯಿಂದ ಅವತ್ತೇ ತೆಗೆದದ್ದನ್ನು, ನನ್ನ ಬಟ್ಟಲಿಗೆ ಬರದದ್ದನ್ನು, ಅವರೇ ಸೀಸೆಗೆ ಹಾಕಿ, ತಮ್ಮದೇ ಮುದ್ರೆ ಒತ್ತಿ, ತಮ್ಮ ಕಪಾಟಿನಲ್ಲಿಟ್ಟುಕೊಳ್ಳಲಿ. ವಸಂತದವರೆಗೆ ಕಾದು ನೋಡಲಿ. ಅದು ಇದ್ದ ಹಾಗೇ ಇದ್ದರೆ ನಿನ್ನ ಭಾವನದಲ್ಲ, ನನ್ನ ತಪ್ಪು ಎಂದು ಬರೆದುಕೊಳ್ಳಲಿ ಎಂದೆ. ಪರೀಕ್ಷಕರು ಗಡಿಯಾರ ನೋಡಿಕೊಂಡು, "ರೈಲಿಗೆ ಹೊತ್ತಾಗುತ್ತೆ, ಬೇಗ ಕೊಡಿ" ಎಂದರು.

ಆಮೇಲಿನ ತಿಂಗಳುಗಳನ್ನು ಹೇಗೆ ಕಳೆದೆವೆಂದು ಕೇಳಬೇಡ. ನಿನ್ನ ಭಾವ ಲಾಂಡ್ರಿಗೆ ಬರುವುದನ್ನೇ ಬಿಟ್ಟರು. ಹಾಸಿಗೆಯ ಅಂಚಿನಲ್ಲಿ ಕೂತು ಒಡೆದ ಬೆರಳುಗಳಿಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದರು, ಒರೆಸುತ್ತಿದ್ದರು, ಮತ್ತೆ ಹಚ್ಚಿಕೊಳ್ಳುತ್ತಿದ್ದರು. ನಾನು ಒಬ್ಬಳೇ ಹೋಗಿ ಬಾಗಿಲು ತೆರೆದು, ಏನೂ ಮಾಡದೆ, ತಣ್ಣನೆಯ ಬಟ್ಟಲುಗಳ ಮುಂದೆ ಕೂತು ಬರುತ್ತಿದ್ದೆ. ಒಂದು ಸೀಸೆ ನನ್ನ ಕೈಗೆ ಸಿಗದ ಕಪಾಟಿನಲ್ಲಿ ಮಂಕಾಗಲಿ ಎಂದು ಆಸೆಪಡುತ್ತಿದ್ದೆ. ಅದು ಮಂಕಾದರೆ ನನ್ನ ಮೇಲಿನ ದೂರು ಹೋಗುತ್ತಿತ್ತು, ಅವರ ಮೂಲವಸ್ತುವೂ ಹೋಗುತ್ತಿತ್ತು. ಹಾಗೆ ಆಸೆಪಡುತ್ತಿರುವುದು ಅವರಿಗೂ ಗೊತ್ತಿತ್ತು. ಒಂದೇ ಮೇಜಿನಲ್ಲಿ ಊಟಕ್ಕೆ ಕೂರುತ್ತಿದ್ದೆವು.

ನಿನ್ನೆ ಪರೀಕ್ಷಕರ ಕಾಗದ ಬಂತು. ಅವರ ಸೀಸೆಯಲ್ಲೂ ಗೆರೆ ಅರ್ಧಕ್ಕಿಳಿದಿದೆ. ನಂಬಲಾರದೆ ಪರಿಷತ್ತಿನ ಇಬ್ಬರನ್ನು ಕರೆದು ತೋರಿಸಿದ್ದಾರೆ. ಗೆರೆ ಹೇಗೆ ನಿಜವೋ ಅದು ಇಳಿಯುವುದೂ ಹಾಗೇ ನಿಜ ಎಂದು ಮೂವರೂ ಸಹಿ ಹಾಕಿದ್ದಾರೆ. ಉಳಿಯದೆ ಹೋಗುವ ಮೂಲವಸ್ತುವನ್ನು ತಾವು ಕೇಳಿದ್ದೂ ಇಲ್ಲ, ಕಂಡದ್ದು ಇದೇ ಮೊದಲು, ಆದರೂ ಪಟ್ಟಿಗೆ ಸೇರಿಸುತ್ತೇವೆ ಎಂದಿದ್ದಾರೆ. ಕಲ್ಲಿನಲ್ಲಿ ಮಾತ್ರ ಯಾಕೆ ಉಳಿಯುತ್ತದೆ ಎಂದು ನನ್ನನ್ನೇ ಕೇಳಿದ್ದಾರೆ. ನನಗೆ ಅನಿಸುವುದು ಇಷ್ಟು: ಉಳಿಯುವುದಿಲ್ಲ, ಅಲ್ಲಿಯೂ ಹೋಗುತ್ತಲೇ ಇರುತ್ತದೆ, ಆದರೆ ಕಲ್ಲಿನೊಳಗೆ ಇನ್ನೇನೋ ಒಂದು ಅದನ್ನು ಹೆರುತ್ತಲೇ ಇರುತ್ತದೆ. ನಾವು ಅದನ್ನು ಹೊರಗೆ ತೆಗೆದ ದಿನದಿಂದ ಹುಟ್ಟು ನಿಲ್ಲುತ್ತದೆ, ಸಾವು ಮಾತ್ರ ಮುಂದುವರಿಯುತ್ತದೆ.

ಹೆಸರೇನಿಡುತ್ತೀರಿ ಎಂದೂ ಕೇಳಿದ್ದಾರೆ. ನಿನ್ನ ಭಾವ ಕಾಗದ ಓದಿ ಮುಗಿಸಿ, "ಉಳಿಯದ್ದಕ್ಕೆ ಯಾರಾದ್ರೂ ಹೆಸರಿಡ್ತಾರಾ?" ಎಂದರು. ಪರಮಾಣುವಿನ ತೂಕ ಕಟ್ಟುವಷ್ಟು ಅದು ಯಾವತ್ತೂ ಒಟ್ಟಾಗುವುದಿಲ್ಲ ಎಂದು ಅವರಿಗೆ ಅರ್ಥವಾಗಿದೆ. ಗೆದ್ದದ್ದು ಹೌದು, ಆದರೆ ಕೈಗೆ ಏನೂ ಬರಲಿಲ್ಲ.

ಆಮೇಲೆ ಅವರು ಲಾಂಡ್ರಿಗೆ ನಡೆದುಹೋದರು. ನಾನು ಹಿಂದೆ ಹೋದೆ. ಬೋಗುಣಿಯನ್ನು ಅಂಗಳಕ್ಕೆ ತಂದು ಕಲ್ಲಿಗೆ ಅಪ್ಪಳಿಸಿದರು. ಅತ್ತರು, ತಮ್ಮಾ. ನನ್ನ ಎರಡು ಕೈಗಳನ್ನೂ ಹಿಡಿದುಕೊಂಡು ತಪ್ಪಾಯಿತು ಎಂದರು. ಮೋರಿ ಅಗೆದದ್ದಕ್ಕೆ, ಬೋಗುಣಿ ಇಟ್ಟದ್ದಕ್ಕೆ, ನಿನ್ನನ್ನು ಅನುಮಾನಿಸಿದ್ದಕ್ಕೆ, ಒಂದೊಂದನ್ನೂ ಹೆಸರು ಹಿಡಿದು ಹೇಳಿ ಕ್ಷಮೆ ಕೇಳಿದರು. ನಿನಗೆ ಬೇರೆಯೇ ಬರೆಯುತ್ತಾರಂತೆ. ಅವರು ಬರೆದರೆ ದೊಡ್ಡ ಮನಸ್ಸಿನಿಂದ ಉತ್ತರ ಕೊಡು, ಹೆಬ್ಬೆಟ್ಟಿನ ಮಾತು ಎತ್ತಬೇಡ. ಅತ್ತೆ ಬೋಗುಣಿಯ ಚೂರುಗಳನ್ನು ಗುಡಿಸುತ್ತಾ, "ಇದನ್ನ ಕೇಳೋಕೆ ಒಂದು ಚಳಿಗಾಲ ಬೇಕಾಯ್ತಾ ನಿನಗೆ?" ಎಂದು ಮಗನನ್ನು ಬೈದರು.

ಹಾಗಾಗಿ ಇನ್ನು ನನ್ನ ಚಿಂತೆ ಬಿಡು. ನಿನ್ನ ಹೆಂಡತಿಗೆ ಈಗ ಎಲ್ಲವನ್ನೂ ಹೇಳಬಹುದು. ನಿಮ್ಮಿಬ್ಬರ ಕೈ ಕಾಲು ಗಟ್ಟಿಯಾಗಿರಲಿ, ನಿನ್ನ ಸಾಣೆ ನಿಲ್ಲದೆ ತಿರುಗುತ್ತಿರಲಿ, ನೀನು ತೇದ ಗಾಜಿನಲ್ಲಿ ಜನ ಒಳ್ಳೆಯದನ್ನೇ ಕಾಣಲಿ ಎಂದು ಮನಸಾರೆ ಹರಸುತ್ತೇನೆ.

ನಿನ್ನ ಅಕ್ಕ

ಮತ್ತೆ: ಇಷ್ಟು ಬರೆದು ಮಡಿಸಿ ಲಕೋಟೆಗೆ ಹಾಕಿದ್ದೆ. ತೆಗೆದು ಮತ್ತೆ ಬರೆಯುತ್ತಿದ್ದೇನೆ.

ಪರೀಕ್ಷಕರು ಬರುವ ಮುಂಚೆ, ಗೆರೆ ಎರಡನೆಯ ಸಲ ಇಳಿಯತೊಡಗಿದಾಗ, ನಿನ್ನ ಭಾವ ನನಗೆ ಒಂದು ಮಾತು ಹೇಳಿದರು. ಅದನ್ನು ನಿನಗೆ ಬರೆದಿರಲಿಲ್ಲ. ನಾನು ಬಟ್ಟಲು ಬಗ್ಗಿಸುತ್ತಿದ್ದೆ. "ನಿನ್ನ ಕೈಯಲ್ಲಿ ಯಾವುದು ಉಳಿದಿದೆ, ಇದು ಉಳಿಯೋಕೆ?" ಎಂದರು. ನಮ್ಮ ಪಾಪು ಜ್ವರದಲ್ಲಿ ತೀರಿಹೋದ ಮೇಲೆ ನಮ್ಮ ಮನೆಯಲ್ಲಿ ಅವಳ ಮಾತನ್ನು ಯಾರೂ ಎತ್ತಿದ್ದಿಲ್ಲ. ಎತ್ತಿದ್ದು ಅವತ್ತು, ಹೀಗೆ.

ನಿನ್ನೆ ಅವರು ಒಂದೊಂದಾಗಿ ಎಲ್ಲದಕ್ಕೂ ಕ್ಷಮೆ ಕೇಳುವಾಗ ಇದು ಯಾವಾಗ ಬರುತ್ತದೆ ಎಂದು ನಾನು ಕಾಯುತ್ತಿದ್ದೆ. ಬರಲಿಲ್ಲ. ಹೇಳಿದ್ದು ಮರೆತಿದ್ದಾರೋ, ಇಲ್ಲ ಅದೊಂದು ಮಾತು ಸರಿಯೆಂದೇ ಈಗಲೂ ಅವರ ಮನಸ್ಸಿನಲ್ಲಿದೆಯೋ, ಗೊತ್ತಿಲ್ಲ. ಕೇಳಲು ನನಗೆ ಬಾಯಿಲ್ಲ. ಈ ಪುಡಿಯಲ್ಲಿ ಒಂದು ಪಾಲು ನಿನ್ನ ಬೀರುವಿನಲ್ಲಿತ್ತು, ಅದಕ್ಕೇ ಆ ದೂರಿನಿಂದ ನಾನು ಉಳಿದುಕೊಂಡೆ. ಅವಳು ಒಬ್ಬಳೇ ಇದ್ದಳು, ಪೂರ್ತಿ ನನ್ನ ಕೈಯಲ್ಲೇ ಇದ್ದಳು.

ಆ ವಾರ ನೀನು ನಮ್ಮ ಮನೆಯಲ್ಲಿದ್ದೆ. ಜ್ವರ ಶುರುವಾದಾಗಿನಿಂದ ನನ್ನನ್ನು ನೋಡಿದವನು ನೀನು. ನಾನು ಏನಾದರೂ ತಪ್ಪು ಮಾಡಿದೆನಾ? ಕಿಟಕಿ ತೆರೆದಿಟ್ಟಿದ್ದೆನಾ? ಮೈ ಒರೆಸಿದ ನೀರು ತಣ್ಣಗಿತ್ತಾ? ಡಾಕ್ಟರನ್ನು ಕರೆಸಲು ನಾನು ತಡಮಾಡಿದೆನಾ? ನನಗೆ ಸಮಾಧಾನ ಹೇಳಲು ಬರೆಯಬೇಡ. ನೀನು ಏನು ಕಂಡೆಯೋ ಅದನ್ನು ಬರಿ. ಲಕೋಟೆಯ ಮೇಲೆ ನನ್ನ ಹೆಸರು ಮಾತ್ರ ಹಾಕು.